ಟೈ ಸೆಗಾಲ್ ಮುಗಿಯಲಿಲ್ಲ ಮಾರಾಯ

ಪ್ರೀತಿಯ ಮಾರಾಯ,

ಡಿಸೆಂಬರಿಗೆ ಎಲ್ಲರೂ ಊರಿಗೆ ಬರುತ್ತೇವೆ, ಬ್ಯಾಂಡ್ ಮತ್ತೆ ಶುರು ಮಾಡೋಣ ಅಂತ ಗ್ರೂಪಿನಲ್ಲಿ ಹಾಕಿದ್ದೆಯಲ್ಲ, ಅದಕ್ಕೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಅದರ ಕೆಳಗೇ ಇನ್ನೊಂದು ಮಾತು ಬರೆದಿದ್ದೆ: "ಟೈ ಸೆಗಾಲ್ ಕಥೆ ಮುಗೀತು, ಗಿಟಾರ್ ಬಿಟ್ಟು ಡ್ರಮ್ ತಟ್ತಾ ಕೂತಿದ್ದಾನೆ." ಮೊದಲು ಅದಕ್ಕೆ ಉತ್ತರ. ಎಲ್ಲರೆದುರೇ ಬರೆಯುತ್ತಿದ್ದೇನೆ, ಈ ಅಮೆರಿಕದ ರಾಕ್ ಗಾಯಕನನ್ನು ಕೇಳದವರೂ ಒಮ್ಮೆ ಕೇಳಲಿ ಅಂತ. ಕುಂದಾಪುರದ ಮೈಕ್ ಸ್ಟ್ಯಾಂಡಿನ ವಿಷಯ ಎತ್ತುವುದಿಲ್ಲ, ಹೆದರಬೇಡ.

ಅವನು ಶುರು ಮಾಡಿದ್ದೇ ಡ್ರಮ್ ತಟ್ಟುತ್ತಾ ಅಲ್ವಾ? ಕ್ಯಾಲಿಫೋರ್ನಿಯಾದ ಹುಡುಗ. ಒಬ್ಬನೇ ಇಡೀ ಬ್ಯಾಂಡ್. ಕೈಯಲ್ಲಿ ಗಿಟಾರ್, ಕಾಲಡಿ ಬಾಸ್ ಡ್ರಮ್, ಜೊತೆಗೆ ಹಾಡು. 2008ರಲ್ಲಿ ಜಾನ್ ಡ್ವೈಯರ್ ಎಂಬ ಸಂಗೀತಗಾರನ ಕ್ಯಾಸಲ್ ಫೇಸ್ ಎಂಬ ಸಣ್ಣ ರೆಕಾರ್ಡ್ ಕಂಪನಿ ಅವನ ಮೊದಲ ಆಲ್ಬಂ ತಂದಿತು. 2012ರಲ್ಲಿ ಒಂದೇ ವರ್ಷಕ್ಕೆ ಮೂರು ಆಲ್ಬಂ. ಅದರಲ್ಲಿ 'ಸ್ಲಾಟರ್‌ಹೌಸ್' ಅನ್ನು ಬೆಜೈಯ ನಿನ್ನ ರೂಮಿನಲ್ಲಿ ಹಾಕಿದಾಗ ಕೆಳಗಿನ ಮನೆಯ ಆಂಟಿ ಮೇಲೆ ಬಂದದ್ದು ನೆನಪುಂಟಲ್ಲ?

ಮರುವರ್ಷ ಬಂದದ್ದು 'ಸ್ಲೀಪರ್'. ಅವನ ಅಪ್ಪ ಕ್ಯಾನ್ಸರಿನಿಂದ ತೀರಿಕೊಂಡಿದ್ದರು, ಅಮ್ಮನ ಜೊತೆ ಸಂಬಂಧ ಹಳಸಿತ್ತು. ಅಷ್ಟು ಗದ್ದಲ ಎಬ್ಬಿಸಿದವನು ಪ್ಲಗ್ ಬೇಡದ ಅಕೂಸ್ಟಿಕ್ ಗಿಟಾರ್ ಹಿಡಿದು ಮೆಲ್ಲಗೆ ಹಾಡಿದ. ಅದೇ ವರ್ಷ ಫಝ್ ಎಂಬ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಾ ಕಿರುಚಿದ್ದೂ ಅವನೇ. 2019ರ 'ಫಸ್ಟ್ ಟೇಸ್ಟ್'ನಲ್ಲಿ ಗಿಟಾರೇ ಇಲ್ಲ. ಬೂಝೂಕಿ, ಕೋಟೊ, ಮ್ಯಾಂಡೊಲಿನ್ ಅಂತ ಬೇರೆ ತಂತಿವಾದ್ಯಗಳೆಲ್ಲ ಬಂದವು. 2021ರಲ್ಲಿ ಸಿಂಥಸೈಜರ್, ಮರುವರ್ಷ ಮತ್ತೆ ಅಕೂಸ್ಟಿಕ್. 2024ರ 'ಲವ್ ರುಡಿಮೆಂಟ್ಸ್' ಪೂರ್ತಿ ತಾಳವಾದ್ಯ, ಹಾಡೇ ಇಲ್ಲ. ನೀನು ಕಥೆ ಮುಗೀತು ಅಂದದ್ದು ಅಲ್ಲಿಗೆ. ಆದರೆ 2025ರಲ್ಲಿ 'ಪೊಸೆಷನ್' ಬಂತು, ಗಿಟಾರೂ ಬಂತು. ಯಾವುದನ್ನೂ ಅವನು ಶಾಶ್ವತವಾಗಿ ಬಿಟ್ಟದ್ದಿಲ್ಲ. ನನಗೆ ಇವೆಲ್ಲದರಲ್ಲಿ ಬೇಕಾದದ್ದು 'ಸ್ಲೀಪರ್'. ಈ ವರ್ಷ ಜಾಸ್ತಿ ಕೇಳಿದ್ದು ಅದನ್ನೇ.

ಮೊನ್ನೆ ಮನೆಗೆ ಯಕ್ಷಗಾನದ ಚಿಕ್ಕಮೇಳ ಬಂದಿತ್ತು. ಮೇ ಕೊನೆಯ ಪತ್ತನಾಜೆಗೆ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ಆಮೇಲೆ ಮಳೆಗಾಲದಲ್ಲಿ ಅದೇ ಕಲಾವಿದರಲ್ಲಿ ಕೆಲವರು ಮನೆಮನೆಗೆ ಬರುತ್ತಾರೆ. ಒಬ್ಬರು ಭಾಗವತರು, ಚೆಂಡೆ ಮದ್ದಳೆಯವರು, ಎರಡೇ ವೇಷ. ದೊಡ್ಡ ರಂಗಸ್ಥಳದಲ್ಲಿ ಅಬ್ಬರಿಸುವವರು ನಮ್ಮ ಚಾವಡಿಯಲ್ಲಿ, ಅಮ್ಮನ ಕುರ್ಚಿಯಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕುಣಿದರು. ಅವರ ಕಲೆ ಸಣ್ಣದಾಯಿತು ಅಂತ ಯಾರಿಗೂ ಅನಿಸಲಿಲ್ಲ. ಸೆಗಾಲ್‌ನ ಅಕೂಸ್ಟಿಕ್ ಆಲ್ಬಂಗಳು ನನಗೆ ಹಾಗೇ.

ದೀಪದ ಮುಂದೆ ಅಕ್ಕಿ, ತೆಂಗಿನಕಾಯಿ ಇಟ್ಟದ್ದು ಈ ಸಲ ನಾನು. ಯಾವಾಗಲೂ ಅದು ಅಪ್ಪನ ಕೆಲಸ. ವರ್ಷಾಂತಿಕವೂ ಕಳೆಯಿತು. ಅಪ್ಪ ಹೋದ ಮೇಲೆ ನಾನು ಆಂಪ್ಲಿಫಯರ್ ಆನ್ ಮಾಡಿಲ್ಲ ಮಾರಾಯ. ಕೇಳಿದವರಿಗೆಲ್ಲ ಮಳೆ, ತಂತಿಗೆ ತುಕ್ಕು, ಸ್ಪೀಕರಿಗೆ ಬೂಷ್ಟು ಅಂತ ಹೇಳುತ್ತೇನೆ. ಅದೂ ಸುಳ್ಳಲ್ಲ.

ಅಪ್ಪನ ಮಾತು ನಿನಗೆ ಗೊತ್ತುಂಟು, "ಸ್ವಲ್ಪ ಸಣ್ಣ ಮಾಡಿ" ಅಂತ ನಾವು ನುಡಿಸುತ್ತಿದ್ದ ಶೆಡ್ಡಿನ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರಲ್ಲ. ಕೊನೆಯ ದಿನಗಳಲ್ಲಿ ರಾತ್ರಿ ಅವರ ಮಂಚದ ಹತ್ತಿರ ಕೂತು ಸುಮ್ನೆ ನುಡಿಸುತ್ತಿದ್ದೆ. ಒಂದು ರಾತ್ರಿ "ಜೋರು ನುಡಿಸು, ಕೇಳುವುದಿಲ್ಲ" ಅಂದರು. ನನಗೆ ಆಗಲಿಲ್ಲ. ಕೈ ನಡುಗಿತು. ಈಗ ಪ್ಲಗ್ ಹಾಕಲು ಹೋದರೆ ಅದೇ ಸ್ವರ ಕೇಳುತ್ತದೆ, ವಾಪಸ್ ಬಂದುಬಿಡುತ್ತೇನೆ. ಗದ್ದಲ ಬೇಕು ಅಂತ ನನಗೆ ಈಗ ಅನಿಸುವುದೇ ಇಲ್ಲ. ನಮ್ಮನ್ನು ಕೂಡಿಸಿದ್ದೇ ಆ ಗದ್ದಲ. ಅದು ಇಲ್ಲದಿದ್ದರೆ ನಾನು ನಿಮಗೆ ಯಾರು ಅನ್ನುವ ಭಯ ಉಂಟು. ಗ್ರೂಪಿನಲ್ಲಿ ಉತ್ತರ ಕೊಡದೆ ಉಳಿದದ್ದು ಅದಕ್ಕೇ.

ಇಷ್ಟೆಲ್ಲ ಬರೆಯಲು ಕೂತದ್ದಲ್ಲ. ಇರಲಿ.

ಡಿಸೆಂಬರಿಗೆ ನಾನು ಬರುತ್ತೇನೆ. ಎಲೆಕ್ಟ್ರಿಕ್ ನೀನು ಹಿಡಿ, ನನಗೆ ಅಕೂಸ್ಟಿಕ್ ಸಾಕು. ಜೋರು ಬೇಕು ಅನಿಸಿದರೆ ಅಲ್ಲೇ ಹೇಳುತ್ತೇನೆ, ಆಗ ಆಂಟಿ ಬಂದರೂ ನಿಲ್ಲಿಸುವುದು ಬೇಡ. ಬರುವಾಗ ಅಲ್ಲಿಂದ ಒಂದೆರಡು ಸೆಟ್ ಒಳ್ಳೆಯ ತಂತಿ ತಾ. ಮತ್ತೆ 'ಲವ್ ರುಡಿಮೆಂಟ್ಸ್' ಇಯರ್‌ಫೋನ್ ಹಾಕಿ ಪೂರ್ತಿ ಕೇಳು, ಬೈಯುವುದಿದ್ದರೆ ಆಮೇಲೆ ಬೈ.

ನಿನ್ನ,
ಶೆಡ್ಡಿನ ಯಜಮಾನ