ಸೈಪ್ರಸ್‌ಗೆ ಹೊರಟ ಮಗಳಿಗೊಂದು ಪತ್ರ

ಚಿ. ಅನಘಳಿಗೆ ಅಪ್ಪ ಮಾಡುವ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ.

ಕೆಲಸದ ಮೇಲೆ ನಿಕೋಸಿಯಾದಲ್ಲಿ ಒಂದು ತಿಂಗಳು ಇರಬೇಕಾಗಿದೆ ಎಂದು ನೀನು ಹೇಳಿದಾಗಿನಿಂದ, ಲಿಮಾಸೋಲ್‌ನ ಹಡಗು ಕಚೇರಿಯಲ್ಲಿ ನಾನು ಕಳೆದ ಮೂರು ವರ್ಷಗಳು ಮತ್ತೆ ಮತ್ತೆ ನೆನಪಾಗುತ್ತಿವೆ. ಟಿಕೆಟ್, ವೀಸಾಗಳನ್ನು ನೀನೇ ನೋಡಿಕೊಳ್ಳುತ್ತೀ. ಆದರೆ ಆ ದ್ವೀಪದಲ್ಲಿ ಯಾರ ಮುಂದೆ ಯಾವ ಮಾತು ಆಡಬಾರದು ಎಂಬುದನ್ನು ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಒಬ್ಬ ಹಿರಿಯರ ಮನಸ್ಸು ನೋಯುವುದು ತಪ್ಪುತ್ತಿತ್ತು.

ಉದ್ದ ಹಿಡಿಯ ಪುಟ್ಟ ಪಾತ್ರೆಯಲ್ಲಿ, ಸಣ್ಣ ಉರಿಯ ಮೇಲೆ ನೊರೆ ಉಕ್ಕುವವರೆಗೆ ಕಾಯಿಸಿ, ಸೋಸದೆ ಚರಟದ ಸಮೇತ ಬಗ್ಗಿಸಿ ಕೊಡುವ ಕಾಫಿಯನ್ನು ನಾನು ಆ ಹಿರಿಯರ ಅಂಗಡಿಯಲ್ಲಿ ‘ಟರ್ಕಿಶ್ ಕಾಫಿ’ ಎಂದು ಕೇಳಿದೆ. ಅವರು ಸಿಡುಕಲಿಲ್ಲ. ಕಪ್ಪು ತಂದಿಟ್ಟು, 1974ರಲ್ಲಿ ಉತ್ತರ ತೀರದ ಕೈರೀನಿಯಾದ ಮನೆಗೆ ಬೀಗ ಹಾಕಿ ಬಂದವರು ತಾವೆಂದೂ, ಬೀಗದ ಕೈ ಇನ್ನೂ ತಮ್ಮ ಬಳಿಯೇ ಇದೆಯೆಂದೂ ಮೆಲ್ಲಗೆ ಹೇಳಿ ಒಳಗೆ ಹೋದರು. ಗ್ರೀಕ್ ಭಾಷಿಕರ ದಕ್ಷಿಣದಲ್ಲಿ ನೀನು ‘ಸೈಪ್ರಸ್ ಕಾಫಿ’ ಎಂದೇ ಕೇಳು. ಸಕ್ಕರೆ ಬೇಡವಾದರೆ ‘ಸ್ಕೆತೊ’, ಹದವಾಗಿರಬೇಕಾದರೆ ‘ಮೆತ್ರಿಯೊ’. ತುರ್ಕಿ ಭಾಷಿಕರ ಉತ್ತರದಲ್ಲಿ ಅದೇ ಕಾಫಿ ‘ಸಾದೆ’, ‘ಒರ್ತಾ’ ಆಗುತ್ತದೆ. ಸಕ್ಕರೆ ಜಾಸ್ತಿ ಬೇಕೆಂದರೆ ‘ಶೆಕೆರ್ಲಿ’.

1974ರ ಜುಲೈ 15ರಂದು ಕ್ಷಿಪ್ರಕ್ರಾಂತಿ ನಡೆದು, 20ರಂದು ತುರ್ಕಿಯ ಸೇನೆ ಬಂದಿಳಿದ ಮೇಲೆ ಗ್ರೀಕ್ ಭಾಷಿಕರು ದಕ್ಷಿಣಕ್ಕೂ ತುರ್ಕಿ ಭಾಷಿಕರು ಉತ್ತರಕ್ಕೂ ಊರು ಬಿಟ್ಟು ಹೋದರು. ಅದಕ್ಕೆ ಹತ್ತು ವರ್ಷ ಮೊದಲಿನ ಗಲಭೆಗಳಲ್ಲೇ ಮನೆ ಕಳೆದುಕೊಂಡ ತುರ್ಕಿ ಭಾಷಿಕರೂ ಬಹಳ ಮಂದಿ. 1983ರಲ್ಲಿ ಉತ್ತರದವರು ಘೋಷಿಸಿಕೊಂಡ ರಾಷ್ಟ್ರಕ್ಕೆ ತುರ್ಕಿಯೊಂದನ್ನು ಬಿಟ್ಟು ಯಾವ ದೇಶದ ಮಾನ್ಯತೆಯೂ ಇಲ್ಲ. ಆದುದರಿಂದ ಎರಡೂ ಕಡೆ ‘ಉತ್ತರ ಭಾಗ’, ‘ದಕ್ಷಿಣ ಭಾಗ’ ಎಂದಷ್ಟೇ ಹೇಳು, ತಪ್ಪು ಯಾರದೆಂದು ನೀನಾಗಿ ಕೇಳಬೇಡ. ಅವರೇ ಹೇಳಲು ತೊಡಗಿದರೆ ಪೂರ್ತಿ ಕೇಳಿಸಿಕೊ.

ವಿಮಾನ ದಕ್ಷಿಣದ ಲಾರ್ನಾಕಾ ಅಥವಾ ಪಾಫೋಸ್‌ಗೇ ಇರಲಿ. ಉತ್ತರದ ಎರ್ಜಾನ್ ನಿಲ್ದಾಣದ ಮೂಲಕ ಬಂದವರನ್ನು ದಕ್ಷಿಣದ ಸರ್ಕಾರವಾದ ಸೈಪ್ರಸ್ ಗಣರಾಜ್ಯ ಅಕ್ರಮವಾಗಿ ಪ್ರವೇಶಿಸಿದವರೆಂದು ಎಣಿಸುತ್ತದೆ. ಇಬ್ಭಾಗವಾಗಿರುವ ನಿಕೋಸಿಯಾದ ಲೆದ್ರಾ ಬೀದಿಯಲ್ಲಿ 2008ರಲ್ಲಿ ತೆರೆದ ದಾಟುಹಾದಿ ಕಾಲ್ನಡಿಗೆಯವರಿಗೆ ಮಾತ್ರ. ಎರಡೂ ಕಡೆ ಪಾಸ್‌ಪೋರ್ಟ್ ತೋರಿಸಬೇಕು. ಅಲ್ಲಿಯವರೆಗೆ ಯೂರೊ, ಅಲ್ಲಿಂದ ಮುಂದೆ ಲಿರಾ. ಬಾಡಿಗೆ ಕಾರನ್ನು ಆಚೆ ಒಯ್ಯುವುದಾದರೆ ದಕ್ಷಿಣದ ವಿಮೆ ಅಲ್ಲಿ ನಡೆಯುವುದಿಲ್ಲವಾದ್ದರಿಂದ ಗಡಿಯಲ್ಲೇ ಬೇರೆ ವಿಮೆ ಮಾಡಿಸಬೇಕು. ಮೊಬೈಲ್ ಕೂಡ ದಾಟಿದ ಕೂಡಲೇ ತುರ್ಕಿಯ ಜಾಲಗಳಿಗೆ ಸೇರಿಬಿಡುತ್ತದೆ, ಡೇಟಾ ಆಫ್ ಮಾಡಿಡು. ನಮ್ಮ ಹೈಕಮಿಷನ್ ಇರುವುದು ದಕ್ಷಿಣದ ನಿಕೋಸಿಯಾದಲ್ಲಿ. ಉತ್ತರದಲ್ಲಿ ಪಾಸ್‌ಪೋರ್ಟ್ ಕಳೆದುಹೋದರೆ ಕೇಳಲು ಭಾರತದ ಕಚೇರಿಯೇ ಇಲ್ಲ ಎಂಬುದನ್ನು ದಯವಿಟ್ಟು ಮರೆಯಬೇಡ. ಆಂಬುಲೆನ್ಸ್‌ಗೆ ಎರಡೂ ಕಡೆ 112, ಉತ್ತರದ ಪೊಲೀಸರಿಗೆ 155.

ಮರಳುಚೀಲಗಳ ಗೋಡೆ, ಸೈನಿಕರ ಕಾವಲುಗೂಡು ಎಷ್ಟೇ ಚಿತ್ರವತ್ತಾಗಿ ಕಂಡರೂ ಫೋಟೊ ತೆಗೆಯಬೇಡ, ಅದಕ್ಕೆ ನಿಷೇಧವಿದೆ. ನಡುವಿನ ವಲಯವನ್ನು ವಿಶ್ವಸಂಸ್ಥೆಯ ಪಡೆ ಕಾಯುತ್ತದೆ. ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯನವರು 1964ರಿಂದ ಆ ಪಡೆಯ ದಂಡನಾಯಕರಾಗಿದ್ದು, 1965ರ ಡಿಸೆಂಬರ್ 18ರಂದು ಆ ನೆಲದಲ್ಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು. ಭಾರತದವಳು ಎಂದಾಗ ಹಿರಿಯರು ಯಾರಾದರೂ ಅವರ ಹೆಸರೆತ್ತಿದರೆ, ಅವರು ನಮ್ಮ ಕೊಡಗಿನವರೆಂದು ಹೇಳು.

ಊಟಕ್ಕೆ ನೀನು ಪರದಾಡಬೇಕಿಲ್ಲ. ದಕ್ಷಿಣದಲ್ಲಿ ಕ್ರೈಸ್ತರ ಉಪವಾಸದ ಅಡುಗೆಗೆ ‘ನಿಸ್ತೀಸಿಮೊ’ ಎನ್ನುತ್ತಾರೆ. ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ, ಆದರೆ ಸಿಗಡಿ ಇರಬಹುದು, ಕೇಳಿಕೊಂಡೇ ತಿನ್ನು. ‘ಕೊಲೊಕಾಸಿ’ ಎಂದರೆ ನಮ್ಮ ಕೆಸುವಿನ ಗೆಡ್ಡೆಯೇ. ಹಂದಿಮಾಂಸದ ಜೊತೆಗೂ ಬೇಯಿಸುವುದರಿಂದ ಅದನ್ನೂ ವಿಚಾರಿಸು. ಗ್ರೀಕಿನಲ್ಲಿ ‘ನೆ’ ಎಂದರೆ ಹೌದು. ತಲೆಯನ್ನು ಹಿಂದಕ್ಕೆ ಎತ್ತಿ ಹುಬ್ಬೇರಿಸಿದರೆ ಎರಡೂ ಕಡೆಯವರಿಗೆ ಅದು ‘ಇಲ್ಲ’. ನಾವು ಹೂಂಗುಟ್ಟುತ್ತ ತಲೆಯನ್ನು ಅತ್ತಿತ್ತ ಆಡಿಸುವುದು ಅವರಿಗೆ ಅರ್ಥವಾಗುವುದಿಲ್ಲ, ಬಾಯಿಬಿಟ್ಟು ಹೇಳು.

ಚರ್ಚು, ಮಠಗಳಿಗೆ ಭುಜ, ಮೊಣಕಾಲು ಮುಚ್ಚುವ ಉಡುಪು ಸಾಕು. ಉತ್ತರ ನಿಕೋಸಿಯಾದ ಸೆಲಿಮಿಯೆ ಮಸೀದಿಗೆ ಹೋದರೆ ಚಪ್ಪಲಿ ಹೊರಗೆ ಬಿಟ್ಟು ತಲೆಗೆ ಸೆರಗಿನಂತೆ ಏನನ್ನಾದರೂ ಹೊದ್ದುಕೊ. ಅಮ್ಮ ಹತ್ತಿಯ ದುಪಟ್ಟಾ ಒಂದನ್ನು ಒಗೆದು ಇಟ್ಟಿದ್ದಾಳೆ, ಚೀಲದಲ್ಲಿ ಮೇಲೆಯೇ ಇರಲಿ. ಅಲ್ಲಿನ ಪ್ಲಗ್ಗು ಬ್ರಿಟಿಷರ ಚಪ್ಪಟೆ ಮೂರು ಪಿನ್ನಿನದು. ಅಡಾಪ್ಟರ್ ಇಲ್ಲಿಂದಲೇ ಕೊಂಡೊಯ್ಯಿ. ತಲುಪಿದ ಕೂಡಲೇ ಫೋನ್ ಮಾಡು.

ಇತಿ ಆಶೀರ್ವಾದಗಳೊಂದಿಗೆ,
ಅಪ್ಪ