ಬುತ್ತಿ ನಿಲ್ಲಿಸದವರಿಗೆ

ಕಳೆದ ಭಾನುವಾರ ಮೇಷ್ಟ್ರು ದೆಹಲಿಗೆ ಬಂದು ಸೇರಿದರು. ನಮ್ಮ ಮೇಲಿನ ಮಹಡಿಯಲ್ಲಿರುವ, ಮ್ಯಾನ್ಮಾರಿನ ಚಿನ್ ಎಂಬ ಬುಡಕಟ್ಟು ಸಮುದಾಯದ ಅಕ್ಕನ ತಮ್ಮ ಅವರು. ಮ್ಯಾನ್ಮಾರಿನ ಸಗಾಯಿಂಗ್ ಪ್ರಾಂತದಲ್ಲಿ ಶಾಲಾ ಶಿಕ್ಷಕರಾಗಿದ್ದವರು. ಊರಿನ ಹೆಸರು ಬರೆಯುವುದಿಲ್ಲ, ತಾಯಿ ಇನ್ನೂ ಅಲ್ಲಿದ್ದಾರೆ. ನಿಮ್ಮಲ್ಲಿ ಹಲವರು ಮುಖ ನೋಡದೆ, ಹೆಸರು ಕೇಳದೆ, ತಿಂಗಳು ತಿಂಗಳು ಇನ್ನೂರು ಮುನ್ನೂರು ರೂಪಾಯಿ ಕಳುಹಿಸಿದ್ದು ಇವರಿಗಾಗಿಯೇ.

2021ರ ಫೆಬ್ರುವರಿ 1ರಂದು ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ ಮೇಷ್ಟ್ರು ಅಸಹಕಾರಕ್ಕೆ ಇಳಿದರು. ಅದೇ ತಿಂಗಳು ಸೇನೆ ದಂಡಸಂಹಿತೆಗೆ, ಭೀತಿ ಹುಟ್ಟಿಸುವ ಮಾತು, ಸುಳ್ಳು ಸುದ್ದಿ ಅಪರಾಧವೆನ್ನುವ 505ಎ ಎಂಬ ಹೊಸ ಕಲಮು ಸೇರಿಸಿತ್ತು. ಅದರಡಿ ಅವರಿಗೆ ಮೂರು ವರ್ಷ ಶಿಕ್ಷೆಯಾಯಿತು.

ನಿಮ್ಮ ಹಣ ಬುತ್ತಿಯಾಯಿತು. ಒಣಸೀಗಡಿಯನ್ನು ಬೆಳ್ಳುಳ್ಳಿ, ಒಣಮೆಣಸಿನೊಂದಿಗೆ ಎಣ್ಣೆಯಲ್ಲಿ ಗರಿಗರಿಯಾಗಿ ಹುರಿದು ತಾಯಿ ಡಬ್ಬಿಗೆ ತುಂಬುತ್ತಿದ್ದರು. ನಮ್ಮ ಕುಂದಾಪುರದ ಮನೆಯ ಸೀಗಡಿ ಚಟ್ನಿಗೆ ಅದು ಹತ್ತಿರದ ನೆಂಟ. ವಾರಗಟ್ಟಲೆ ಕೆಡುವುದಿಲ್ಲವೆಂದೇ ಜೈಲಿಗೆ ಅದನ್ನು ಕಳುಹಿಸುವುದು. ಬಾಗಿಲಲ್ಲಿ ಕಾವಲಿನವರು ಮುಚ್ಚಳ ತೆಗೆದು, ಕಡ್ಡಿ ಹಾಕಿ ತಳದವರೆಗೆ ಕೆದಕಿ ಒಳಗೆ ಬಿಡುತ್ತಿದ್ದರಂತೆ. ಒಂದು ಡಬ್ಬಿಯನ್ನು ಏಳು ಜನ ಚಮಚ ಲೆಕ್ಕದಲ್ಲಿ ಹಂಚಿಕೊಳ್ಳುತ್ತಿದ್ದೆವು ಎಂದು ಮೇಷ್ಟ್ರು ಹೇಳಿದರು.

2023ರ ಮೇ 3, ಬುದ್ಧಪೂರ್ಣಿಮೆಯ ದಿನ, 505ಎ ಕಲಮಿನವರಲ್ಲಿ 2,153 ಮಂದಿಗೆ ಕ್ಷಮಾದಾನವೆಂದು ಪ್ರಕಟವಾಯಿತು. ಹೆಸರುಗಳಿರಲಿಲ್ಲ, ಸಂಖ್ಯೆ ಮಾತ್ರ. ಮೇಷ್ಟ್ರು ಹೊರಬಂದರೆಂಬ ಫೋನು ಬಂದಾಗ ಅಕ್ಕ ಅಳಲಿಲ್ಲ, ನಗಲೂ ಇಲ್ಲ. "ಮನೆ ತಲುಪಿದನೇ?" ಎಂದಷ್ಟೇ ಕೇಳಿದರು. 2021ರ ಅಕ್ಟೋಬರಿನಲ್ಲಿ 5,636 ಜನರನ್ನು ಬಿಡುತ್ತೇವೆಂದು ಸಾರಿ, ಬಿಟ್ಟವರಲ್ಲಿ ಅನೇಕರನ್ನು ಕೂಡಲೇ ಮತ್ತೆ ಹಿಡಿದು ಒಳಗೆ ಹಾಕಿದ್ದು ಅವರಿಗೆ ಗೊತ್ತಿತ್ತು.

ಆಗ ಕೆಲವರು ನನ್ನನ್ನು ಕೇಳಿದರು, "ಬಿಡುಗಡೆಯಾಯಿತಲ್ಲ, ಇನ್ನೇಕೆ ಹಣ?" ಅವರ ಮೇಲೆ ನನಗೆ ಬೇಸರವಿಲ್ಲ. ಪತ್ರಿಕೆಯಲ್ಲಿ ಓದಿದವರಿಗೆ ಹಾಗೆಯೇ ಅನ್ನಿಸುತ್ತದೆ, ಹಾಗೆ ಅನ್ನಿಸಲೆಂದೇ ಸೇನೆ ಆ ಸುದ್ದಿಯನ್ನು ಹೊರಡಿಸುತ್ತದೆ. ನನಗೆ ಕಣ್ಣು ತೆರೆಸಿದವರು ಧಾರವಾಡದ ಹಿರಿಯ ವಕೀಲರೊಬ್ಬರು. ಮೇಷ್ಟ್ರ ಬಿಡುಗಡೆಗೆ ಅನ್ವಯಿಸಿದ್ದು ದಂಡಪ್ರಕ್ರಿಯಾ ಸಂಹಿತೆಯ 401ನೆಯ ಕಲಮು. ಬರ್ಮಾ ಬ್ರಿಟಿಷ್ ಇಂಡಿಯಾದ ಭಾಗವಾಗಿದ್ದಾಗ, 1898ರಲ್ಲಿ ನಮಗೂ ಅವರಿಗೂ ಒಟ್ಟಿಗೆ ಬಂದ ಕಾನೂನು. ನಮ್ಮಲ್ಲಿ ಅದು 1973ರಲ್ಲಿ 432 ಆಯಿತು. ವಕೀಲರು ಫೋನಿನಲ್ಲಿ ಒಂದು ಗಂಟೆ ಕೂತು ಬಿಡಿಸಿ ಹೇಳಿದರು: ಇದು ಷರತ್ತಿನ ಬಿಡುಗಡೆ, ಷರತ್ತು ಮುರಿದರೆಂದು ಸರ್ಕಾರಕ್ಕೆ ತೋರಿದರೆ ವಾರಂಟಿಲ್ಲದೆ ಹಿಡಿದು ಬಾಕಿ ಶಿಕ್ಷೆಗೆ ಕಳುಹಿಸಬಹುದು. ಅಂದರೆ ಮೇಷ್ಟ್ರ ಉಳಿದ ಶಿಕ್ಷೆ ತಲೆಯ ಮೇಲೆ ತೂಗುತ್ತಲೇ ಇತ್ತು. ಸರ್, ಅಂದು ನೀವು ಹೇಳದಿದ್ದರೆ ನಾನೂ ಹಣ ಕೂಡಿಸುವುದನ್ನು ನಿಲ್ಲಿಸುತ್ತಿದ್ದೆ.

ಮ್ಯಾನ್ಮಾರಿನ 1988ರ ವಿದ್ಯಾರ್ಥಿ ಚಳವಳಿಯ ನಾಯಕ ಕೋ ಜಿಮ್ಮಿಯವರನ್ನು ನೆನೆದರೆ ಈಗಲೂ ಎದೆ ಭಾರವಾಗುತ್ತದೆ. 2008ರಲ್ಲಿ 65 ವರ್ಷ ಶಿಕ್ಷೆ, 2012ರ ಜನವರಿಯಲ್ಲಿ ಜಗತ್ತೆಲ್ಲ ಕೊಂಡಾಡಿದ ಬಿಡುಗಡೆ, 2022ರ ಜುಲೈಯಲ್ಲಿ ಗಲ್ಲು.

2024ರಲ್ಲಿ ಕಡ್ಡಾಯ ಸೇನಾಭರ್ತಿ ಶುರುವಾದಾಗ ಮೇಷ್ಟ್ರು ತಿಯಾವು ನದಿ ದಾಟಿ ಮಿಜೋರಾಂಗೆ ಬಂದರು. ಗಡಿಯ ಊರು ಝೋಖಾವ್ತಾರಿನಲ್ಲಿ ತಮಗಿದ್ದ ಎರಡು ಕೋಣೆಗಳಲ್ಲಿ ಒಂದನ್ನು ಬಿಟ್ಟುಕೊಟ್ಟ ಮಿಜೋ ಕುಟುಂಬಕ್ಕೆ ನನ್ನ ಕನ್ನಡ ತಲುಪದು. ಆದರೂ ಇಲ್ಲಿ ಕೈಮುಗಿಯುತ್ತೇನೆ. ಮ್ಯಾನ್ಮಾರಿನ ಮಾಜಿ ಕೈದಿಗಳೇ 2000ದಲ್ಲಿ ಕಟ್ಟಿದ ರಾಜಕೀಯ ಕೈದಿಗಳ ನೆರವು ಸಂಘಕ್ಕೂ ಋಣಿ. ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ಒಂದೊಂದೇ ಹೆಸರು ಹಿಡಿದು ಬರೆದಿಟ್ಟವರು ಅವರು.

ಬಿಡುಗಡೆಯ ಸುದ್ದಿ ಓದಿದ ಮೇಲೂ ಹಣ ನಿಲ್ಲಿಸದ ಹದಿನಾಲ್ಕು ಮಂದಿಗೆ ವಿಶೇಷವಾಗಿ ನಮಸ್ಕರಿಸುತ್ತೇನೆ. ಮಿಜೋರಾಂ ತಲುಪಲು ತಗುಲಿದ ಖರ್ಚು, ಅಲ್ಲಿಯ ಅಕ್ಕಿ, ಔಷಧಿ ಎಲ್ಲ ನಿಮ್ಮದು.

ಈಗ ನಮ್ಮಲ್ಲಿ 6,400 ರೂಪಾಯಿ ಉಳಿದಿದೆ. ಏನು ಮಾಡೋಣವೆಂದು ಮೇಷ್ಟ್ರನ್ನೇ ಕೇಳಿದೆ. ಚಮಚ ಲೆಕ್ಕದಲ್ಲಿ ಹಂಚಿಕೊಂಡ ಏಳು ಜನರಲ್ಲಿ ಇಬ್ಬರು ಯಾವ ಕ್ಷಮಾದಾನದಲ್ಲೂ ಬಿಡುಗಡೆಯಾಗದೆ ಇನ್ನೂ ಒಳಗಿದ್ದಾರಂತೆ. ಮುಂದಿನ ತಿಂಗಳ ಬುತ್ತಿ ಅವರಿಗೆ ಹೋಗುತ್ತದೆ.