ಗೊಶಾ ಯಾರು, ಮವ್ಗೊಝಾತಾ ಯಾರು?

ಕ್ರಾಕೋವ್, ಪೋಲೆಂಡ್

ಅಪ್ಪ, ಅಮ್ಮನಿಗೆ ನಮಸ್ಕಾರ. ನಾನೂ ರಘುವೂ ಕ್ಷೇಮ. ನಿಮ್ಮ ಕಾಗದ ತಲುಪಿತು.

ರಘು ಮದುವೆಯಾಗಲಿರುವ ಪೋಲಿಷ್ ಹುಡುಗಿಗೆ ಪಾಸ್‌ಪೋರ್ಟಿನಲ್ಲಿ ಮವ್ಗೊಝಾತಾ ಅಂತ ಒಂದು ಹೆಸರು, ರಘು ಬಾಯಲ್ಲಿ ಗೊಶಾ ಅಂತ ಇನ್ನೊಂದು, ಯಾಕೆ ಅಂತ ಕೇಳಿದ್ದೀರಿ. ಹುಡುಗಿಗೆ ಮೊದಲೇ ಮದುವೆಯಾಗಿತ್ತೇನೋ ಅಂತ ದೊಡ್ಡಪ್ಪ ನಿಮ್ಮ ತಲೆಗೆ ಹುಳ ಬಿಟ್ಟಿದ್ದಾರೆ. ಹಾಗೇನೂ ಇಲ್ಲ. ಎರಡೂ ಅವಳದೇ ಹೆಸರು.

ಮವ್ಗೊಝಾತಾ ಅಂದರೆ ಇಂಗ್ಲಿಷಿನ ಮಾರ್ಗರೆಟ್. ಮೂಲ ಗ್ರೀಕಿನ ಮಾರ್ಗರೀತೆಸ್, ಅರ್ಥ ಮುತ್ತು. ಲ್ಯಾಟಿನ್ ದಾಟಿ ಪೋಲಿಷಿಗೆ ಬಂದು ಗುರುತು ಸಿಗದಷ್ಟು ಬದಲಾಗಿದೆ. ಅದರ ಕೊನೆಯ 'ಝಾತಾ' ಬಿಟ್ಟು ಮುದ್ದಿನ 'ಶಾ' ಸೇರಿಸಿದರೆ ಮವ್ಗೊಶಾ, ಮುಂದಿನ 'ಮವ್' ಬಿಟ್ಟರೆ ಗೊಶಾ. ಯೊಆನ್ನಾ ಯೊಆಶಾ ಆಗಿ, ಕೊನೆಗೆ ಬರೀ ಆಶಾ ಆಗುವುದೂ ಹೀಗೇ. ಹೌದು, ಇಲ್ಲಿ ಬೀದಿಗೊಬ್ಬಳು ಆಶಾ! ಕತಾಝಿನಾ ಕಾಶಾ, ಬಾರ್ಬರಾ ಬಾಶಾ, ಝೊಫಿಯಾ ಝೊಶಾ. ನಮ್ಮ ಸರಸ್ವತಿ ಸಚ್ಚು ಆದಂತೆ, ಆದರೆ ಇವರದು ಊರಿಗೆಲ್ಲ ಒಂದೇ ಸೂತ್ರ. ಹೆಸರು ಗೊತ್ತಾದರೆ ಮುದ್ದಿನ ಹೆಸರು ಕೇಳಬೇಕಿಲ್ಲ.

ಮುದ್ದಿನ ಹೆಸರನ್ನು ಜನನಪತ್ರದಲ್ಲಿ ಬರೆಯುವುದಿಲ್ಲ, ಅದಕ್ಕೇ ಪಾಸ್‌ಪೋರ್ಟಿನಲ್ಲಿ ಗೊಶಾ ಇಲ್ಲ. ಅತ್ತೆಗೂ ಹೇಳಿಬಿಡಿ, ಇದು ಬುರ್ಖಾದ ಗೋಷಾ ಅಲ್ಲ, 'ಗೊ' ಹ್ರಸ್ವ.

ಕರೆಯುವಾಗ 'ಗೊಶು' ಅನ್ನಬೇಕು, ಸಂಬೋಧನೆಗೆ ಕೊನೆ ಬದಲಾಗುತ್ತದೆ. 'ಗೊಶ್ಕಾ' ಅಂತ ಮಾತ್ರ ನೀವು ಕರೆಯಬೇಡಿ. ಗೆಳತಿಯರ ನಡುವೆ ನಡೆಯುತ್ತದೆ, ಹಿರಿಯರ ಬಾಯಲ್ಲಿ ಒರಟು. ಗ್ರಿಮ್ ಸಹೋದರರ ಕತೆಯ ಗ್ರೇಟೆಲ್‌ಗೆ ಪೋಲಿಷಿನಲ್ಲಿ ಮವ್ಗೊಶಾ ಅಂತಲೇ ಹೆಸರು. ಗ್ರೇಟೆಲ್ ಅನ್ನುವುದೂ ಮಾರ್ಗರೆಟ್‌ನಿಂದಲೇ ಹುಟ್ಟಿದ್ದು.

ಈಗ ಮುಖ್ಯ ವಿಷಯ. ವೀಸಾ ಅರ್ಜಿ, ವಿಶೇಷ ವಿವಾಹ ಕಾಯ್ದೆಯ ನೋಟಿಸು, ಎರಡರಲ್ಲೂ ಪಾಸ್‌ಪೋರ್ಟ್ ಹೆಸರೇ ಇರಲಿ. ಪೋಲಿಷಿನಲ್ಲಿ ಮೂರನೇ ಅಕ್ಷರ ಅಡ್ಡಗೆರೆಯ ಎಲ್, ಓದುವುದು 'ವ್'. ಪಾಸ್‌ಪೋರ್ಟಿನ ತಳದಲ್ಲಿ ಯಂತ್ರ ಓದುವ ಸಾಲಿನಲ್ಲಿ ಮಾತ್ರ ಬರೀ ಎಲ್. ಅಲ್ಲಿದ್ದಂತೆ ತುಂಬಿ. ಕಿವಿಗೆ ಕೇಳಿದಂತೆ ಡಬ್ಲ್ಯು ಹಾಕಿದರೆ ಹೆಸರು ತಾಳೆಯಾಗದೆ ಕಾಗದ ವಾಪಸು ಬಂದೀತು. 30 ದಿನದ ನೋಟಿಸು ಬೇರೆ, ಮತ್ತೆ ಮೊದಲಿಂದ ಕಾಯಬೇಕಾದೀತು. ಲಗ್ನಪತ್ರಿಕೆಯಲ್ಲಿ ಗೊಶಾ ಅಂತಲೇ ಅಚ್ಚಾಗಲಿ, ಅಡ್ಡಿಯಿಲ್ಲ.

ಅಪ್ಪ, ಖಂಡಿತ ಚಿಂತೆ ಬೇಡ, ಒಂದಿಷ್ಟೂ ಬೇಡ. ಬಿಪಿ ಮಾತ್ರೆ ಬಿಡಬೇಡಿ. ಬಸ್ಸು ಬಂತು, ಉಳಿದದ್ದು ಫೋನಿನಲ್ಲಿ.

ನಿಮ್ಮ ಮಗಳು
ಸುಧಾ